ಕೇಳಿದ ಹೊತ್ತಿಗೆ ಕೂಲಿ ಇಲ್ಲ

ಗಟ್ಟಿಯಾದ ಕಾಂಕ್ರೀಟನ್ನು ಕೊರೆಯುವ ಯಂತ್ರದ ಸದ್ದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿರುವ ಯಾರಿಗೂ ಹೊಸದಲ್ಲ. ಪಕ್ಕದ ಸೈಟಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿ, ಊಟದ ಹೊತ್ತಿಗೆ ಒಂದಿಷ್ಟು ನಿಂತು, ಮತ್ತೆ ಸಂಜೆವರೆಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂರಿಸಿದ ಹಾಗೆ ತಲೆಯೊಳಗೆ ಕೊರೆಯುತ್ತದೆ. ಕಟ್ಟಡ ಏಳುತ್ತಿದೆ, ಸಹಿಸಿಕೊಳ್ಳೋಣ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅಲ್ಲಿ ಆಗುತ್ತಿರುವುದು ಕಟ್ಟುವ ಕೆಲಸವಲ್ಲ, ಕಟ್ಟಿದ್ದನ್ನು ಒಡೆಯುವ ಕೆಲಸ. ಪೈಪು ಇಳಿಯಬೇಕಾದ ಕಡೆ ತೂತು ಬಿಡದೆ ಸ್ಲ್ಯಾಬ್ ಹಾಕಿರುತ್ತಾರೆ. ಆಮೇಲೆ ಕೊರೆಸುತ್ತಾರೆ. ‘ಕೋರ್ ಕಟಿಂಗ್’ ಅನ್ನುವ ಈ ಕೆಲಸವನ್ನೇ ಕಸುಬು ಮಾಡಿಕೊಂಡ ಏಜೆನ್ಸಿಗಳು ಊರು ತುಂಬ ಇವೆ, ಅವರ ಫೋನ್ ನಂಬರು ಪ್ರತಿಯೊಬ್ಬ ಸೈಟ್ ಎಂಜಿನಿಯರನ ಹತ್ತಿರವೂ ಇರುತ್ತದೆ.

ನನ್ನ ಪಿಎಚ್‌ಡಿ ಈ ಸದ್ದಿನ ಮೇಲೆ ಅಂದರೂ ನಡೆಯುತ್ತದೆ. ನೋಂದಣಿ ಪತ್ರದಲ್ಲಿ ವಿಷಯ ಗಂಭೀರವಾಗಿದೆ: ನಿರ್ಮಾಣ ಯೋಜನೆಗಳಲ್ಲಿ ಸಂವಹನ ಸುಧಾರಿಸಿ ವೆಚ್ಚ ತಗ್ಗಿಸುವುದು. ಅಪ್ಪ ಅದನ್ನು ಕೇಳಿ, “ಹಂಗಂದ್ರೇನವ್ವ?” ಅಂದ. ಸೈಟಿನಲ್ಲಿ ಯಾರು ಯಾರಿಗೆ ಏನು ಹೇಳಬೇಕು, ಹೇಳದೆ ಹೋದರೆ ಎಷ್ಟು ದುಡ್ಡು ಹಾಳಾಗುತ್ತದೆ ಅಂತ ಲೆಕ್ಕ ಹಾಕುವುದು ಅಂದೆ. “ಅದ್ಕೆ ಐದು ವರ್ಷ ಓದ್ಬೇಕಾ?” ಅಂದ. ಅಪ್ಪ ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಗಾರೆ ಮೇಸ್ತ್ರಿ. ಓದಿದ್ದು ನಾಲ್ಕನೇ ಕ್ಲಾಸು, ಕಟ್ಟಿದ ಮನೆಗಳ ಲೆಕ್ಕ ಅವನ ಹತ್ತಿರವೂ ಇಲ್ಲ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕ್ಷೇತ್ರಕಾರ್ಯಕ್ಕೆ ನನಗೆ ಸಿಕ್ಕಿದ್ದು ಬೆಂಗಳೂರಿನ ಪೂರ್ವದ ಅಂಚಿನ ಒಂದು ಅಪಾರ್ಟ್‌ಮೆಂಟ್ ಸೈಟು. ಹೆಲ್ಮೆಟ್ಟು, ಒಂದು ನೋಟ್‌ಬುಕ್ಕು, ‘ವಿಸಿಟರ್’ ಅಂತ ಬರೆದ ಜಾಕೆಟ್ಟು. ಮಾಡಿದ ಕೆಲಸವನ್ನು ಎರಡನೇ ಸಲ ಮಾಡುವುದು ಕಂಡಾಗೆಲ್ಲ ಬರೆದುಕೊಳ್ಳಬೇಕು: ಏನು, ಎಲ್ಲಿ, ಯಾಕೆ, ಮೊದಲು ಯಾರಿಗೆ ಗೊತ್ತಾಯಿತು. ಮೊದಮೊದಲು ನನ್ನನ್ನು ಕಾರ್ಮಿಕ ಇಲಾಖೆಯವಳು ಅಂದುಕೊಂಡು ನಾನು ಬರುತ್ತಿದ್ದಂತೆ ಬೆಲ್ಟು ಹಾಕಿಕೊಳ್ಳುತ್ತಿದ್ದರು. ತಿಂಗಳು ಕಳೆದ ಮೇಲೆ ಟೀ ಕೊಡಲು ಶುರುಮಾಡಿದರು. ಸಂಶೋಧನೆ ಶುರುವಾಗಿದ್ದು ಆ ಟೀಯಿಂದ ಅನ್ನಬೇಕು, ನಮ್ಮ ವಿಧಾನದ ಅಧ್ಯಾಯದಲ್ಲಿ ಹಾಗೆ ಬರೆಯಲು ಬಿಡುವುದಿಲ್ಲ.

ಒಂದು ಸೈಟಿನಲ್ಲಿ ಎಷ್ಟು ಭಾಷೆ ಇರುತ್ತವೆ ಎಂದು ಹೊರಗಿನವರಿಗೆ ಅಂದಾಜಿರುವುದಿಲ್ಲ. ಸೆಂಟ್ರಿಂಗ್‌ನವರು ಒಡಿಶಾದವರು, ಕಂಬಿ ಕಟ್ಟುವವರು ಬಂಗಾಳದ ಮುರ್ಷಿದಾಬಾದಿನವರು, ಪ್ಲಾಸ್ಟರಿಂಗ್‌ಗೆ ತಮಿಳರು, ಮಣ್ಣು ಹೊರಲು, ಸ್ವಚ್ಛ ಮಾಡಲು ನಮ್ಮ ರಾಯಚೂರು, ಯಾದಗಿರಿ ಕಡೆಯ ಹೆಂಗಸರು. ಮಾತು ಹೇಗೋ ನಡೆದುಹೋಗುತ್ತದೆ, ಹಿಂದಿಯ ಇನ್ನೂರು ಶಬ್ದ ಎಲ್ಲರಿಗೂ ಬರುತ್ತದೆ. ತೊಡಕಾಗುವುದು ಅಳತೆಯಲ್ಲಿ. ಡ್ರಾಯಿಂಗಿನಲ್ಲಿ ಎಲ್ಲವೂ ಮಿಲಿಮೀಟರು. ಬಾಯಲ್ಲಿ ಅಡಿ, ಅಂಗುಲ. ಅಂಗುಲದ ಎಂಟನೇ ಒಂದು ಭಾಗಕ್ಕೆ ಹಿಂದಿಯವರು ಸೂತ್ ಅಂದರೆ ತಮಿಳರು ನೂಲ್ ಅನ್ನುತ್ತಾರೆ, ಎರಡಕ್ಕೂ ಅರ್ಥ ದಾರವೇ. 10 ಎಂಎಂ ಕಂಬಿ ಮೂರು ಸೂತ್, 12 ಎಂಎಂ ನಾಲ್ಕು, 16 ಎಂಎಂ ಐದು. ಮನೆಯ ವಿಸ್ತಾರ ನಮ್ಮಲ್ಲಿ ಚದರದಲ್ಲಿ, ಅಂದರೆ ನೂರು ಚದರಡಿಗೆ ಒಂದು ಚದರ. ಜಲ್ಲಿ ಮರಳು ಬೆಳಗಾವಿ ಕಡೆ ಬ್ರಾಸಿನಲ್ಲಿ. ಇಷ್ಟೆಲ್ಲ ಇದ್ದೂ ಗೋಡೆ ನೆಟ್ಟಗೆ ಏಳುತ್ತದಲ್ಲ ಅನ್ನುವುದೇ ನನಗೆ ಆಶ್ಚರ್ಯ. ತಪ್ಪುಗಳಿಗೆ ಭಾಷೆಯೇ ಕಾರಣ ಅಂತ ಹೋದ ಹೊಸದರಲ್ಲಿ ನಾನೂ ನಂಬಿದ್ದೆ, ಕಂಪನಿಯವರೂ ಹಾಗೇ ಹೇಳುತ್ತಿದ್ದರು. ನೋಟ್‌ಬುಕ್ಕು ತುಂಬುತ್ತ ಬಂದಂತೆ ಆ ನಂಬಿಕೆ ಸಡಿಲವಾಯಿತು. ಅದನ್ನು ಪೂರ್ತಿ ಬಿಡಿಸಿದ್ದು ಎರಡನೇ ಟವರಿನ ಒಂದು ಡಕ್ಟು.

ಡಕ್ಟು ಅಂದರೆ ಬಚ್ಚಲ ಪೈಪುಗಳು ಮೇಲಿಂದ ಕೆಳಗೆ ಇಳಿಯಲು ಸ್ಲ್ಯಾಬಿನಲ್ಲಿ ಬಿಡುವ ಚೌಕ. ಬಚ್ಚಲ ಬಾಗಿಲಿಗೆ ಅಡ್ಡ ಬರುತ್ತದೆಂದು ಆರ್ಕಿಟೆಕ್ಟು ಅದನ್ನು ಒಂದೂವರೆ ಅಡಿ ಸರಿಸಿದರು. ಸ್ಟ್ರಕ್ಚರಲ್ ಡ್ರಾಯಿಂಗ್ ಬದಲಾಯಿತು, ಎರಡನೇ ರಿವಿಷನ್ ಹೋಗಿ ಮೂರನೆಯದು ಬಂತು. ಗುರುವಾರ ಮಧ್ಯಾಹ್ನ ಇಮೇಲು. ಸೆಂಟ್ರಿಂಗ್ ಫೋರ್‌ಮನ್ ಅವತ್ತು ಯಾವುದೋ ಬಿಲ್ಲಿಗೆ ಸೈಟ್ ಆಫೀಸಿಗೆ ಬಂದಿದ್ದ, ಹೊಸ ಹಾಳೆ ಅವನ ಕೈಗೆ ಸಿಕ್ಕಿತು. ಕಂಬಿ ಕತ್ತರಿಸುವ ಯಾರ್ಡು ಸೈಟಿನ ಇನ್ನೊಂದು ತುದಿಯಲ್ಲಿ, ಲೇಬರ್ ಶೆಡ್ಡುಗಳ ಹಿಂದೆ. ಅಲ್ಲಿಗೆ ಯಾರೂ ಹೋಗಲಿಲ್ಲ. ಪಿಡಿಎಫನ್ನು ವಾಟ್ಸಾಪ್ ಗುಂಪಿಗೆ ಹಾಕಿದರು. ಆ ಗುಂಪಿನಲ್ಲಿ 83 ಜನ. ಕಂಬಿಯವರ ಸರ್ದಾರನೂ ಅದರಲ್ಲಿದ್ದ. ಆ ದಿನದ ಸಂದೇಶಗಳನ್ನು ನಾನು ಆಮೇಲೆ ಕೂತು ಓದಿದೆ: ಶುಭೋದಯದ ಗುಲಾಬಿಗಳು, ಎಂ-ಸ್ಯಾಂಡ್ ಲಾರಿಯ ಫೋಟೊ, ಹೆಲ್ಮೆಟ್ ಹಾಕದವರಿಗೆ ಬೈಗುಳ, ಯಾರದೋ ಹುಟ್ಟುಹಬ್ಬದ ಕೇಕು. ನಡುವೆ ಎಲ್ಲೋ ಆ ಡ್ರಾಯಿಂಗು. ಊರಮುಂದೆ ಡಂಗುರ ಸಾರಿಸಿದ ಮೇಲೆ ಕೇಳಿಸಿಕೊಳ್ಳದಿದ್ದವನದೇ ತಪ್ಪು ಅನ್ನುವುದು ಹಳೆಯ ಕ್ರಮ. ಡಂಗುರಕ್ಕೆ ಈಗ ಎರಡು ನೀಲಿ ಗೆರೆ ಬಂದಿದೆ ಅಷ್ಟೆ.

ಶನಿವಾರ ರಾತ್ರಿ ಕಾಂಕ್ರೀಟು. ದೊಡ್ಡ ಲಾರಿಗಳಿಗೆ ನಗರದಲ್ಲಿ ಹಗಲಿನ ಕೆಲವು ಹೊತ್ತು ನಿರ್ಬಂಧವಿರುವುದರಿಂದ ದೊಡ್ಡ ಸ್ಲ್ಯಾಬುಗಳನ್ನೆಲ್ಲ ರಾತ್ರಿಯೇ ಹಾಕುತ್ತಾರೆ. ಸೆಂಟ್ರಿಂಗಿನವರು ಹೊಸ ಡ್ರಾಯಿಂಗಿನ ಪ್ರಕಾರ ಮರದ ಪೆಟ್ಟಿಗೆ ಕೂರಿಸಿ ಹೋಗಿದ್ದರು. ಕಂಬಿಯವರ ಪಟ್ಟಿ ಹಳೆಯದು. ಅವರು ಬಿಟ್ಟ ಚೌಕ ಒಂದು ಕಡೆ, ಪೆಟ್ಟಿಗೆ ಇನ್ನೊಂದು ಕಡೆ. ಕಂಬಿ ಹೋಗಬೇಕಾದ ದಾರಿಯಲ್ಲೇ ಪೆಟ್ಟಿಗೆ ಕೂತಿದೆ. ಇದನ್ನು ಮೊದಲು ಕಂಡವನು ಇಪ್ಪತ್ತೆರಡರ ಒಬ್ಬ ಹುಡುಗ. ಯಾರೋ ಒಬ್ಬರದು ತಪ್ಪು ಅಂತ ಆ ಕ್ಷಣವೇ ಅವನಿಗೆ ತಿಳಿಯಿತು. ಸರ್ದಾರನಿಗೆ ಹೇಳಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಸರ್ದಾರ, “ಪಟ್ಟಿಯಲ್ಲಿ ಹೇಗಿದೆಯೋ ಹಾಗೆ ಕಟ್ಟು” ಅಂದ. ಗೇಟಿನಲ್ಲಿ ಲಾರಿಗಳು ಬಂದು ನಿಂತಿದ್ದವು. ಸ್ಲ್ಯಾಬಿಗೆ ಒಪ್ಪಿಗೆ ಕೊಡುವ ಕಾಗದಕ್ಕೆ ಸಂಜೆಯೇ ಸಹಿ ಬಿದ್ದಿತ್ತು. ಹುಡುಗರು ಪೆಟ್ಟಿಗೆಯ ಮೊಳೆ ಕಿತ್ತು, ತಮ್ಮ ಚೌಕ ಇದ್ದ ಕಡೆ ಹೊಡೆದರು. ಬೆಳಗಿನ ಜಾವದ ಹೊತ್ತಿಗೆ ಸ್ಲ್ಯಾಬ್ ಮುಗಿಯಿತು.

ಗೊತ್ತಾಗುವ ಮೊದಲು ಇನ್ನೊಂದು ಮಹಡಿಯೂ ಹಾಗೇ ಬಿದ್ದಿತ್ತು. ಆಮೇಲೆ ನಡೆದದ್ದು ನಿಮಗೆ ಊಹಿಸಲು ಕಷ್ಟವಿಲ್ಲ. ಹೊಸ ಚೌಕ ಕೊರೆಯಬೇಕು, ಹಳೆಯದನ್ನು ಮುಚ್ಚಬೇಕು. ಕೊರೆದಾಗ ತುಂಡಾಗುವ ಕಂಬಿಗೆ ಬದಲು ಏನು ಅಂತ ಸ್ಟ್ರಕ್ಚರಲ್ ಎಂಜಿನಿಯರು ಮತ್ತೆ ಲೆಕ್ಕ ಹಾಕಬೇಕು. ಪ್ಲಂಬಿಂಗಿನವರು ಅಷ್ಟು ದಿನ ಬೇರೆ ಟವರಿಗೆ. ಈ ಖರ್ಚು ಕಂಪನಿಯ ಪುಸ್ತಕದಲ್ಲಿ ‘ಸಂವಹನದ ಕೊರತೆ’ ಎಂದು ಎಲ್ಲೂ ಬರುವುದಿಲ್ಲ. ಒಂದಿಷ್ಟು ‘ಇತರೆ’ಯಲ್ಲಿ, ಒಂದಿಷ್ಟು ಪ್ಲಂಬಿಂಗ್ ವಿಳಂಬದಲ್ಲಿ. ಉಳಿದದ್ದು ಡೆಬಿಟ್ ನೋಟಾಗಿ ಕಂಬಿ ಗುತ್ತಿಗೆದಾರನ ಬಿಲ್ಲಿನಲ್ಲಿ ಕಡಿತವಾಯಿತು. ಅವನು ಸರ್ದಾರನ ಲೆಕ್ಕದಲ್ಲಿ ಮುರಿದ, ಸರ್ದಾರ ಬಟವಾಡೆಯ ದಿನ ತಲಾ ಇಷ್ಟು ಅಂತ ಹಂಚಿದ. ಮೊದಲು ಕಂಡು ಹೇಳಿದ್ದ ಆ ಹುಡುಗನ ಪಾಲಿಗೆ ಬಂದದ್ದು 1,800 ರೂಪಾಯಿ.

“ಯಾಕೆ ಎಂಜಿನಿಯರ್ ಹತ್ತಿರ ಹೋಗಿ ಕೇಳಲಿಲ್ಲ?” ಅಂದೆ. ಅವನು ನನ್ನ ಹರುಕು ಹಿಂದಿಗೆ ನಕ್ಕ. ಆಮೇಲೆ ತನ್ನ ಬಂಗಾಳಿ ಬೆರೆತ ಹಿಂದಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದ. ಕಂಬಿ ಕೆಲಸಕ್ಕೆ ಟನ್ನಿನ ಲೆಕ್ಕ. ಎಷ್ಟು ಟನ್ ಕಟ್ಟಿದರೆ ಅಷ್ಟು ದುಡ್ಡು. ಕೇಳಲು ಹೋದರೆ ಕೆಲಸ ನಿಲ್ಲುತ್ತದೆ. ಎಂಜಿನಿಯರು ಆಫೀಸಿಗೆ ಫೋನ್ ಮಾಡಬೇಕು, ಆಫೀಸಿನವರು ಡ್ರಾಯಿಂಗ್ ಮಾಡಿದವರಿಗೆ. ಅಷ್ಟು ಹೊತ್ತು ಹದಿನಾಲ್ಕು ಜನ ಕೂರಬೇಕು. ಕೂತ ಹೊತ್ತಿಗೆ ಕೂಲಿ ಇಲ್ಲ. “ನಾನು ಕೇಳಿದ್ದಕ್ಕೆ ಅವರೆಲ್ಲರ ಕೂಲಿ ಹೋದರೆ ರಾತ್ರಿ ಶೆಡ್ಡಿನಲ್ಲಿ ನನಗೆ ಯಾರು ಅನ್ನ ಹಾಕ್ತಾರೆ ಮೇಡಂ?”

ಅವನಿಗೆ ಭಾಷೆ ಬರುತ್ತಿತ್ತು. ಡ್ರಾಯಿಂಗೂ ಓದಲು ಬರುತ್ತಿತ್ತು, ನನಗಿಂತ ಬೇಗ ಓದುತ್ತಿದ್ದ. ತಪ್ಪು ಕಂಡಿತ್ತು, ಹೇಳಿಯೂ ಇದ್ದ. ಅವನ ಮಾತು ಒಂದು ಮೆಟ್ಟಿಲು ಹತ್ತಿ ನಿಂತುಬಿಟ್ಟಿತು, ಯಾಕೆಂದರೆ ಅದು ಮುಂದಿನ ಮೆಟ್ಟಿಲು ಹತ್ತಲು ತಗಲುವ ಖರ್ಚನ್ನು ಹದಿನಾಲ್ಕು ಕೂಲಿಯವರು ಕೊಡಬೇಕಿತ್ತು.

ಇದು ನಮ್ಮ ಕಾಲದ, ನಮ್ಮ ಊರಿನ ರೋಗ ಎಂದುಕೊಂಡು ಲೈಬ್ರರಿಗೆ ಹೋದರೆ ಅಲ್ಲಿ ಸಿಕ್ಕಿದ್ದು ಕೆನಡಾದ ಒಂದು ಸೇತುವೆ. ಎಂಜಿನಿಯರಿಂಗ್ ಓದಿದವರಲ್ಲಿ ಅನೇಕರಿಗೆ ಕ್ವಿಬೆಕ್ ಸೇತುವೆಯ ಹೆಸರು ಗೊತ್ತು. ಸೇಂಟ್ ಲಾರೆನ್ಸ್ ನದಿಯ ಮೇಲೆ ಕಟ್ಟುತ್ತಿದ್ದಾಗಲೇ 1907ರ ಆಗಸ್ಟ್ 29ರ ಸಂಜೆ ಕುಸಿದು ಬಿತ್ತು. ಮೇಲಿದ್ದ 86 ಜನರಲ್ಲಿ 75 ಜನ ಸತ್ತರು. ಅವರಲ್ಲಿ 33 ಜನ ಕಾನವಾಗೆ ಎಂಬ ಒಂದೇ ಊರಿನ ಮೊಹಾಕ್ ಮೂಲನಿವಾಸಿಗಳು, ಎತ್ತರದ ಉಕ್ಕಿನ ಕೆಲಸಕ್ಕೆ ಹೆಸರಾದವರು. ಪಠ್ಯಪುಸ್ತಕದಲ್ಲಿ ಇದನ್ನು ಲೆಕ್ಕಾಚಾರದ ತಪ್ಪೆಂದು ಓದಿಸುತ್ತಾರೆ, ಅದು ನಿಜವೂ ಹೌದು. ನಡುವಿನ ಅಂತರವನ್ನು 1600 ಅಡಿಯಿಂದ 1800 ಅಡಿಗೆ ಏರಿಸಿದರು, ಸೇತುವೆಯ ಸ್ವಂತ ಭಾರವನ್ನು ಸಕಾಲದಲ್ಲಿ ಮತ್ತೆ ಲೆಕ್ಕ ಹಾಕಲಿಲ್ಲ. ಆದರೆ ಕೊನೆಯ ಮೂರು ದಿನಗಳ ಕತೆ ಲೆಕ್ಕದ್ದಲ್ಲ.

ಕೆಳಗಿನ ಒಂದು ದೊಡ್ಡ ಉಕ್ಕಿನ ತೊಲೆ ಬಾಗತೊಡಗಿತ್ತು. ಮುಕ್ಕಾಲು ಅಂಗುಲ ಇದ್ದದ್ದು ಕೆಲವೇ ದಿನಗಳಲ್ಲಿ ಎರಡೂಕಾಲು ಅಂಗುಲವಾಯಿತು. ನಿಲ್ಲಿಸಬೇಕೆಂದು ಕಟ್ಟುನಿಟ್ಟಾಗಿ ಹೇಳುವ ಅಧಿಕಾರ ಇದ್ದದ್ದು ಸಲಹೆಗಾರ ಎಂಜಿನಿಯರ್ ಥಿಯೊಡೋರ್ ಕೂಪರನಿಗೆ. ಅವನಿದ್ದದ್ದು ನ್ಯೂಯಾರ್ಕಿನಲ್ಲಿ. ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು, ಮೇಲಿನ ಉಕ್ಕಿನ ಕೆಲಸ ನಡೆಯುವಾಗ ಒಮ್ಮೆಯೂ ಸ್ಥಳಕ್ಕೆ ಬಂದಿರಲಿಲ್ಲ. ಸೈಟಿನಲ್ಲಿ ಅವನ ಪರವಾಗಿ ಇದ್ದವನು ನಾರ್ಮನ್ ಮೆಕ್ಲೂರ್ ಎಂಬ ತರುಣ. ತೊಲೆ ಮೊದಲೇ ಬಾಗಿತ್ತೋ ಈಗ ಬಾಗುತ್ತಿದೆಯೋ ಅಂತ ವಾದ ನಡೆಯಿತು. ಫೋರ್‌ಮನ್ ಒಮ್ಮೆ ಕೆಲಸ ನಿಲ್ಲಿಸುವ ಯೋಚನೆ ಮಾಡಿ ಮತ್ತೆ ಮುಂದುವರಿಸಿದ. ಸ್ಥಳದಲ್ಲಿದ್ದ ಹಿರಿಯ ಎಂಜಿನಿಯರು ಅದಕ್ಕೆ ಒಪ್ಪಿದ. ಅವನು ಕೊಟ್ಟ ಕಾರಣವನ್ನು ಓದಿದಾಗ ನನಗೆ ನಮ್ಮ ಸೈಟ್ ಆಫೀಸು ಕಣ್ಣ ಮುಂದೆ ಬಂತು: ಕೆಲಸ ನಿಲ್ಲಿಸಿದರೆ ಎಲ್ಲರ ಮನಸ್ಸಿನ ಮೇಲೆ ಕೆಟ್ಟ ಪರಿಣಾಮವಾಗುತ್ತದೆ, ಕೂಲಿಯವರು ಬಿಟ್ಟು ಹೋದರೆ ಈ ಋತುವಿನ ಕೆಲಸವೇ ನಿಂತುಹೋಗಬಹುದು.

ಮೆಕ್ಲೂರ್ ರಾತ್ರಿ ರೈಲು ಹತ್ತಿ ನ್ಯೂಯಾರ್ಕಿಗೆ ಹೋದ. ವಿಷಯ ಕೇಳಿದ ಕೂಪರ್ ಗಾಬರಿಯಾಗಿ ತಂತಿ ಕಳಿಸಿದ, ಸೇತುವೆಯ ಮೇಲೆ ಇನ್ನು ಭಾರ ಹೇರಬೇಡಿ ಅಂತ. ತಂತಿ ಹೋದದ್ದು ಸೇತುವೆ ಇದ್ದ ಕ್ವಿಬೆಕ್ಕಿಗಲ್ಲ. ಉಕ್ಕಿನ ಕಂಪನಿ ಇದ್ದ ಪೆನ್ಸಿಲ್ವೇನಿಯಾದ ಫೀನಿಕ್ಸ್‌ವಿಲ್ಲಿಗೆ. ಅಲ್ಲಿಯವರು ಮೆಕ್ಲೂರ್ ಬರಲಿ, ಕೂತು ಮಾತಾಡೋಣ ಎಂದು ಕಾದರು. ಸಂಜೆ ಅವನು ಬಂದ, ಮಾತಾಯಿತು, ಬೆಳಿಗ್ಗೆ ನೋಡೋಣ ಅಂದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸೇತುವೆ ಬಿತ್ತು.

ಎರಡೂಕಾಲು ಅಂಗುಲದ ಬಾಗು ಬರಿಗಣ್ಣಿಗೆ ಕಾಣುವಂಥದ್ದು. ಅದರ ಪಕ್ಕದಲ್ಲಿ ದಿನವಿಡೀ ನಿಂತು ರಿವೆಟ್ ಹೊಡೆಯುತ್ತಿದ್ದವರಿಗೆ ಕೆಲಸ ನಿಲ್ಲಿಸುವ ದಾರಿ ಇರಲಿಲ್ಲ. ದಾರಿ ಇದ್ದವರೆಲ್ಲ ಕಾಗದ, ರೈಲು, ತಂತಿಗಳ ಆಚೆ ತುದಿಯಲ್ಲಿದ್ದರು. ವೆಚ್ಚದ ಬಗ್ಗೆ ಬರೆಯುವಾಗ ಈ 75 ಜನರನ್ನು ಯಾವ ಕಾಲಮ್ಮಿನಲ್ಲಿ ಹಾಕುವುದು ಅಂತ ನನಗೆ ತಿಳಿಯುವುದಿಲ್ಲ. ಹಾಕದೆ ಬಿಟ್ಟ ಕೋಷ್ಟಕಗಳನ್ನು ನೋಡಿದರೆ ಸಿಟ್ಟು ಬರುತ್ತದೆ.

ನಮ್ಮ ವಿಷಯದ ಮೇಲೆ ಕಾಗದ ಖರ್ಚಾದದ್ದು ಕಡಿಮೆಯೇನಲ್ಲ. ಬ್ರಿಟನ್ನಿನಲ್ಲಿ 1965ರಷ್ಟು ಹಿಂದೆಯೇ ಟ್ಯಾವಿಸ್ಟಾಕ್ ಸಂಸ್ಥೆಯ ಹಿಗಿನ್ ಮತ್ತು ಜೆಸಪ್ ಕಟ್ಟಡ ಉದ್ಯಮದ ಸಂವಹನದ ಬಗ್ಗೆ ವರದಿ ಬರೆದರು. 1994ರಲ್ಲಿ ಲೇಥಮ್ ವರದಿ ಎಲ್ಲರೂ ಒಂದು ತಂಡವಾಗಿ ಕೆಲಸ ಮಾಡಿದರೆ ಶೇಕಡಾ 30ರಷ್ಟು ವೆಚ್ಚ ಉಳಿಸುವ ಗುರಿ ಇಟ್ಟುಕೊಳ್ಳಬಹುದೆಂದಿತು. ಅದೇ ದಶಕದಲ್ಲಿ ಅಮೆರಿಕದ ಗ್ಲೆನ್ ಬ್ಯಾಲರ್ಡ್ ಮತ್ತು ಗ್ರೆಗರಿ ಹೊವೆಲ್ ಸೈಟುಗಳಲ್ಲಿ ಕೂತು ಎಣಿಸಿದಾಗ, ಈ ವಾರ ಮುಗಿಸುತ್ತೇವೆ ಅಂದ ಕೆಲಸಗಳಲ್ಲಿ ನಿಜಕ್ಕೂ ಮುಗಿಯುತ್ತಿದ್ದದ್ದು ಸುಮಾರು ಅರ್ಧದಷ್ಟು. ಅವರು ರೂಪಿಸಿದ ‘ಲಾಸ್ಟ್ ಪ್ಲಾನರ್’ ಪದ್ಧತಿಯಲ್ಲಿ ಕೆಲಸ ಮಾಡಿಸುವ ಫೋರ್‌ಮನ್ನನೇ ಕೂರಿಸಿಕೊಂಡು ನಿನ್ನಿಂದ ಆಗುತ್ತದಾ ಎಂದು ಕೇಳುತ್ತಾರೆ, ಆಗುವುದಿಲ್ಲ ಅನ್ನುವ ಹಕ್ಕು ಅವನಿಗಿರುತ್ತದೆ. ನನಗೆ ಬಹಳ ಇಷ್ಟವಾದ ಪದ್ಧತಿ. ನಮ್ಮ ಸೈಟಿನಲ್ಲೂ ಅದು ಇತ್ತು. ಗೋಡೆ ತುಂಬ ಬಣ್ಣಬಣ್ಣದ ಚೀಟಿ. ಶುಕ್ರವಾರ ಸಭೆ. ಆ ಸಭೆಗೆ ಬರುತ್ತಿದ್ದದ್ದು ಗುತ್ತಿಗೆದಾರರ ಮ್ಯಾನೇಜರುಗಳು, ಸರ್ದಾರರಲ್ಲ. ಆಗುವುದಿಲ್ಲ ಎಂದವರನ್ನು ನಾನು ಒಂದು ಸಲವೂ ಕಾಣಲಿಲ್ಲ.

ಈಗ ಅಪ್ಪನ ವಿಷಯ. ಅಪ್ಪ ಕಟ್ಟಿದ ಮನೆಗಳಿಗೆ ಬಹುಪಾಲು ಡ್ರಾಯಿಂಗೇ ಇರುತ್ತಿರಲಿಲ್ಲ. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಯಜಮಾನನನ್ನೂ ಹೆಂಗಸರನ್ನೂ ಗೆರೆಗಳ ನಡುವೆ ಓಡಾಡಿಸುತ್ತಿದ್ದ. “ಇದು ನಡುಮನೆ, ಇಲ್ಲಿ ಮಲಗಿ ನೋಡಿ ಗೌಡ್ರೆ, ಕಾಲು ಚಾಚೋಕೆ ಆಯ್ತದಾ?” ಅಡುಗೆಕಟ್ಟೆ ಕಟ್ಟುವ ಮುಂಚೆ ಮನೆಯಾಕೆಯನ್ನು ಕರೆದು, “ಅಕ್ಕಾ, ಹಿಂಗೆ ನಿಂತ್ಕಂಡು ಮುದ್ದೆ ತೊಳ್ಸೋ ಥರ ಕೈ ಆಡ್ಸಿ” ಅನ್ನುತ್ತಿದ್ದ. ಆಕೆ ನಾಚಿಕೊಂಡು ಇಲ್ಲದ ಮುದ್ದೆ ತೊಳೆಸುತ್ತಿದ್ದರೆ ಗೋಡೆಯ ಮೇಲೆ ಮಸಿಯಲ್ಲಿ ಗುರುತು ಹಾಕುತ್ತಿದ್ದ. ಕುಳ್ಳಗಿನ ಹೆಂಗಸರ ಮನೆಯ ಕಟ್ಟೆ ಕುಳ್ಳಗೆ. ರಜೆಯಲ್ಲಿ ಅವನ ಜೊತೆ ಹೋಗುತ್ತಿದ್ದ ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಈಗ ಸೆಮಿನಾರುಗಳಲ್ಲಿ ‘ಬಳಕೆದಾರರ ಅಗತ್ಯ ಗ್ರಹಿಕೆ’ ಎಂಬ ಸ್ಲೈಡು ಬಂದಾಗೆಲ್ಲ ಆ ಮಸಿಯ ಗೆರೆ ನೆನಪಾಗುತ್ತದೆ.

ಇದನ್ನೆಲ್ಲ ಹಳ್ಳಿಯ ಜಾಣತನ ಅಂತ ಹೊಗಳಿ ಒಂದು ಪ್ರಬಂಧ ಬರೆಯಬೇಕೆಂದಿದ್ದೆ. ಅವ್ವ ಅದಕ್ಕೆ ತಣ್ಣೀರು ಎರಚಿದಳು. “ಅದು ದಿನಗೂಲಿ ಮನೇಲಿ ಕಣೆ. ಚದರಕ್ಕೆ ಇಷ್ಟು ಅಂತ ಗುತ್ತಿಗೆ ಹಿಡಿದ್ರೆ ನಿಮ್ಮಪ್ಪನೂ ಯಾರ್ನೂ ಕೇಳ್ತಿರ್ಲಿಲ್ಲ. ಕೇಳಿದ್ರೆ ಅವ್ರು ಇನ್ನೊಂದು ಹೇಳ್ತಾರೆ ಅಂತ ಬೆಳಕು ಹರಿಯೋಕೆ ಮುಂಚೆ ಹೋಗಿ ಕಟ್ಟಿ ಬರೋನು.” ಅಪ್ಪ ಅಲ್ಲೇ ಕೂತಿದ್ದ, ಇಲ್ಲ ಅನ್ನಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ, “ಗುತ್ತಿಗೇಲಿ ಮಾತಾಡಿದಷ್ಟೂ ಲುಕ್ಸಾನು” ಅಂದ.

ನಾಲ್ಕು ವರ್ಷದ ನನ್ನ ಓದಿನಲ್ಲಿ ಇದಕ್ಕಿಂತ ಸ್ಪಷ್ಟವಾದ ವಾಕ್ಯ ನನಗೆ ಸಿಕ್ಕಿಲ್ಲ. ಅದೇ ಮನುಷ್ಯ, ಅದೇ ಕರಣೆ, ಅದೇ ಊರು. ಕೂಲಿ ಕೊಡುವ ರೀತಿ ಬದಲಾದರೆ ಪ್ರಶ್ನೆ ಕೇಳುವ ಅಭ್ಯಾಸವೇ ಬದಲಾಗುತ್ತದೆ. ಹಾಗಂತ ಗುತ್ತಿಗೆಯನ್ನೇ ಬಿಟ್ಟು ಎಲ್ಲರಿಗೂ ದಿನಗೂಲಿ ಕೊಡಿ ಎಂದು ನಾನು ಹೇಳಲಾರೆ. ದಿನಗೂಲಿಯಲ್ಲಿ ಕೆಲಸ ಎಳೆಯುತ್ತದೆ ಅನ್ನುವ ಮನೆ ಕಟ್ಟಿಸುವವರ ದೂರು ಪೂರ್ತಿ ಸುಳ್ಳೂ ಅಲ್ಲ. ನಾನು ಕೇಳುತ್ತಿರುವುದು ಅದಕ್ಕಿಂತ ಚಿಕ್ಕದು: ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಹೊತ್ತಿಗೆ ಮಾತ್ರ ಕೂಲಿ.

ಇದು ನನ್ನ ತಲೆಯಿಂದ ಬಂದದ್ದಲ್ಲ. ಮೂರನೇ ಟವರಿನ ಸೈಟ್ ಎಂಜಿನಿಯರ್ ಸಿಂದಗಿ ಕಡೆಯ ಹುಡುಗ. ಅವನ ಟವರಿನಲ್ಲಿ ಒಡೆಯುವ ಸದ್ದು ಕಡಿಮೆ ಅಂತ ಕೋರ್ ಕಟಿಂಗ್ ಏಜೆನ್ಸಿಯವರೇ ದೂರುತ್ತಿದ್ದರು, ಹಾಗಾಗಿ ನೋಡಲು ಹೋದೆ. ಅವನು ಡ್ರಾಯಿಂಗನ್ನು ಸೆಂಟ್ರಿಂಗ್ ಪ್ಲೈವುಡ್ ಮೇಲೆಯೇ ಚಾಕ್‌ಪೀಸಿನಲ್ಲಿ ಬರೆಯುತ್ತಿದ್ದ, ಪೂರ್ತಿ ಅಳತೆಗೆ. ಕಂಬಿಯ ಗಾತ್ರ ಎಂಎಂನಲ್ಲಿ, ಪಕ್ಕದಲ್ಲಿ ಸೂತಿನಲ್ಲಿ. ಬರೆದಾದ ಮೇಲೆ ಸರ್ದಾರನನ್ನೂ ಇಬ್ಬರು ಹುಡುಗರನ್ನೂ ಕರೆದು ತಾನು ಬಾಯಿ ಮುಚ್ಚಿಕೊಳ್ಳುತ್ತಿದ್ದ. ಅವರು ಹೇಳಬೇಕು, ಯಾವುದು ಎಲ್ಲಿ ಹೋಗುತ್ತದೆ ಅಂತ.

“ತಿಳೀತೇನು ಅಂತ ಕೇಳಬಾರದ್ರಿ ಮೇಡಮ್ಮಾರ,” ಅಂದ. “ಕೇಳಿದ್ರ ಹೂಂ ಅಂತಾರ. ಹೂಂ ಅಂದ್ರ ತಿಳದೈತಿ ಅಂತಲ್ರಿ, ಹೂಂ ಅಂದ್ರ ಇನ್ನ ನೀವು ಹೋಗ್ರಿ ಅಂತ.”

ಇಷ್ಟೇ ಆಗಿದ್ದರೆ ಒಳ್ಳೆಯ ಮೇಷ್ಟರು ಎಂದು ಬರೆದುಕೊಂಡು ಬರುತ್ತಿದ್ದೆ. ಅವನ ಹಾಜರಿ ಪುಸ್ತಕ ನೋಡಿದಾಗ ಬೇರೆ ವಿಷಯ ಗೊತ್ತಾಯಿತು. ಸ್ವಚ್ಛತೆಯ ಕೂಲಿಯವರ ಪಟ್ಟಿಯಲ್ಲಿ ಕೆಲವು ದಿನ ಎರಡು, ಮೂರು ಹೆಚ್ಚಿನ ಹಾಜರಿ ಇದ್ದವು. ಕೆದಕಿದೆ. ಕಂಬಿಯವರು ಏನಾದರೂ ಕೇಳಿ, ಉತ್ತರ ಬರಲು ಎರಡು ತಾಸಿಗಿಂತ ಹೆಚ್ಚು ಹಿಡಿದರೆ, ಕಾದ ಹೊತ್ತನ್ನು ದಿನಗೂಲಿಯ ಲೆಕ್ಕಕ್ಕೆ ಇಳಿಸಿ ‘ಸ್ವಚ್ಛತೆ’ ಅಂತ ಬರೆದು ಕೊಡಿಸುತ್ತಿದ್ದ. ಕೇಳುವುದಕ್ಕೆ ಕೂಲಿ ಕೊಡುವ ಖಾತೆ ಕಂಪನಿಯ ತಂತ್ರಾಂಶದಲ್ಲಿ ಇಲ್ಲವಲ್ಲ. “ಕಸ ಹೊಡದಂಗನ ಅಲ್ಲೇನ್ರಿ ಅದೂ” ಅಂದ.

ಒಂದು ದಿನ ನಾನಿದ್ದಾಗಲೇ, ಮೆಟ್ಟಿಲಿನ ನಡು ತಿರುವಿನಲ್ಲಿ ಕಂಬಿಯ ಕೊಕ್ಕೆ ಯಾವ ಕಡೆ ಬರಬೇಕು ಅಂತ ಒಬ್ಬ ಹುಡುಗ ಕೇಳಿದ. ಪ್ಲಾನಿನಲ್ಲಿ ಒಂದು ಥರ ಇತ್ತು, ಸೆಕ್ಷನ್ನಿನಲ್ಲಿ ಇನ್ನೊಂದು ಥರ. ಫೋಟೊ ಹೋಯಿತು, ಸ್ಟ್ರಕ್ಚರಲ್ ಕನ್ಸಲ್ಟೆಂಟಿನವರು ತಮ್ಮದೇ ಹಾಳೆ ತಪ್ಪೆಂದು ಒಪ್ಪಿ ಸಂಜೆಯೊಳಗೆ ತಿದ್ದಿ ಕಳಿಸಿದರು. ಆ ಮೆಟ್ಟಿಲು ಹದಿನಾಲ್ಕು ಮಹಡಿಗೂ ಒಂದೇ ನಮೂನೆ. ಕೊಟ್ಟದ್ದು ಎರಡು ಹಾಜರಿ.

ಇದಕ್ಕೂ ಮಿತಿ ಇದೆ. ಲಾರಿ ಗೇಟಿಗೆ ಬಂದ ಮೇಲೆ ಯಾವ ಪ್ರಶ್ನೆಗೂ ಬೆಲೆ ಇಲ್ಲ, ಡ್ರಮ್ಮಿನಲ್ಲಿ ಕಾಂಕ್ರೀಟು ಗಟ್ಟಿಯಾಗತೊಡಗುತ್ತದೆ, ರಾತ್ರಿ ಹನ್ನೊಂದಕ್ಕೆ ಕನ್ಸಲ್ಟೆಂಟು ಫೋನ್ ಎತ್ತುವುದಿಲ್ಲ. ಅದಕ್ಕೇ ಅವನು ಮಧ್ಯಾಹ್ನ ನಾಲ್ಕಕ್ಕೆ ಚಾಕ್‌ಪೀಸಿನ ಪಾಠ ಮುಗಿಸಿ, ಆಮೇಲೆ ಕಾಂಕ್ರೀಟಿಗೆ ಆರ್ಡರ್ ಕೊಡುತ್ತಿದ್ದ. ಕೆಲವು ಪ್ರಶ್ನೆಗಳು ಕುಳಿತುಕೊಳ್ಳಲೆಂದೇ ಕೇಳಿದವು ಅಂತಲೂ ಅವನಿಗೆ ಗೊತ್ತಿತ್ತು. “ಬಿಸಲಾಗ ಒಂದು ತಾಸು ಕುಂತರ ಕುಂದರ್ಲಿ ಬಿಡ್ರಿ” ಅಂತಿದ್ದ.

ನನಗೆ ಸೈಟು ಕೊಡಿಸಿದ ಕಂಪನಿಗೆ ನನ್ನಿಂದ ಬೇಕಿದ್ದದ್ದು ಒಂದು ಆ್ಯಪು. ಯಾರು ಯಾವ ರಿವಿಷನ್ ತೆರೆದರು, ಎಷ್ಟು ಹೊತ್ತು ನೋಡಿದರು ಅಂತ ತೋರಿಸುವಂಥದ್ದು. ಆ್ಯಪುಗಳ ಮೇಲೆ ನನಗೆ ದ್ವೇಷವಿಲ್ಲ. ಆ ಗುರುವಾರ ಕಂಬಿ ಯಾರ್ಡಿನ ಗೋಡೆಗೆ ಹಳೆಯ ಹಾಳೆ ಕಿತ್ತು ಹೊಸದು ಅಂಟಿಸುವ ಒಬ್ಬ ಮನುಷ್ಯನಿದ್ದರೂ ಸಾಕಿತ್ತು, ಆ ಕೆಲಸವನ್ನು ಆ್ಯಪು ಮಾಡಿದರೆ ಮಾಡಲಿ. ಆದರೆ ಶನಿವಾರ ರಾತ್ರಿಯ ಹುಡುಗನಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಅವನಿಗೆ ತಿಳಿಸುವುದೇನೂ ಉಳಿದಿರಲಿಲ್ಲ, ಅವನೇ ತಿಳಿಸಬೇಕಿತ್ತು. ಪ್ರಾಜೆಕ್ಟ್ ಮ್ಯಾನೇಜರಿಗೆ ಇದನ್ನು ನೋಟ್‌ಬುಕ್ಕಿನ ಪುಟಗಳ ಸಮೇತ ಹೇಳಿದೆ. ಅವರು ಒರಟರಲ್ಲ, ಸಾವಧಾನವಾಗಿ ಕೇಳಿದರು. “ನೀವು ಹೇಳೋದು ಸರಿ ಇರಬಹುದಮ್ಮ, ಆದ್ರೆ ಡೆಬಿಟ್ ಹಾಕದಿದ್ರೆ ನಾಳೆ ಎಲ್ರೂ ಪೆಟ್ಟಿಗೆ ಕೀಳ್ತಾರೆ” ಅಂದರು. ಕೀಳದೆ ಇದ್ದರೆ ಅವತ್ತು ರಾತ್ರಿ ಅವರು ಏನು ಮಾಡಬೇಕಿತ್ತು ಎಂದು ಕೇಳಿದೆ. ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ, ಇಲ್ಲ ಅಂತ ಒಪ್ಪಿಕೊಂಡರು ಕೂಡ.

ನಮ್ಮ ಗೈಡಿಗೆ ಅಳತೆ ಬೇಕು. ಕೇಳದೆ ಉಳಿದ ಪ್ರಶ್ನೆಯನ್ನು ಹೇಗೆ ಎಣಿಸುತ್ತೀಯ ಅನ್ನುತ್ತಾರೆ, ನ್ಯಾಯವಾದ ಮಾತೇ. ಈಗ ನಾಲ್ಕನೇ ಅಧ್ಯಾಯದಲ್ಲಿ ಪ್ರತಿ ಒಡೆತದ ಪಕ್ಕ ಎರಡು ಕಾಲಮ್ ಹಾಕಿದ್ದೇನೆ: ಮೊದಲು ಯಾರಿಗೆ ಗೊತ್ತಾಯಿತು, ಕೆಲಸ ನಿಲ್ಲಿಸಿ ಕೇಳಿದ್ದರೆ ಅವರಿಗೆ ಎಷ್ಟು ಕೂಲಿ ಹೋಗುತ್ತಿತ್ತು. ಒಳಗುತ್ತಿಗೆಯ ಕರಾರಿಗೆ ಸೇರಿಸಬಹುದಾದ ಒಂದು ಕಲಮನ್ನೂ ಬರೆದಿದ್ದೇನೆ. ಡ್ರಾಯಿಂಗಿಗೂ ಸೈಟಿಗೂ ವ್ಯತ್ಯಾಸ ಕಂಡು ತಂಡದ ಯಾರೇ ಕೆಲಸ ನಿಲ್ಲಿಸಿ ಕೇಳಿದರೂ, ಉತ್ತರ ಬರುವವರೆಗಿನ ಹೊತ್ತಿಗೆ ಇಡೀ ತಂಡಕ್ಕೆ ದಿನಗೂಲಿ ದರ ಸಲ್ಲಬೇಕು ಅಂತ. ಕಂಪನಿಯ ಕಾನೂನು ವಿಭಾಗದವರು ಓದಿ ಎರಡು ಪ್ರಶ್ನೆ ಕಳಿಸಿದ್ದಾರೆ. ವ್ಯತ್ಯಾಸ ಇಲ್ಲದೆ ಸುಮ್ಮನೆ ಕೇಳಿದರೆ? ಕೇಳಿದ್ದಕ್ಕೆ ದಾಖಲೆ ಏನು? ಮೊದಲನೆಯದಕ್ಕೆ ಸಿಂದಗಿಯ ಹುಡುಗನ ಉತ್ತರವನ್ನು ಗ್ರಂಥಭಾಷೆಗೆ ತಿರುಗಿಸಿ ಬರೆದೆ. ಎರಡನೆಯದಕ್ಕೆ, ಪ್ಲೈವುಡ್ ಮೇಲಿನ ಚಾಕಿನ ಗೆರೆಯ ಫೋಟೊ ಸಾಕು ಅಂದಿದ್ದೇನೆ.

ಮುರ್ಷಿದಾಬಾದಿನ ಹುಡುಗ ಈದ್‌ಗೆ ಊರಿಗೆ ಹೋದವನು ವಾಪಸ್ ಇಲ್ಲಿಗೆ ಬರಲಿಲ್ಲ, ಕೇರಳದಲ್ಲಿ ಕೆಲಸ ಹಿಡಿದಿದ್ದಾನಂತೆ. ಸರ್ದಾರನ ಹತ್ತಿರ ನಂಬರಿದೆ. ಕಂಬಿ ಗುತ್ತಿಗೆದಾರನ ಅಂತಿಮ ಬಿಲ್ಲು ಇನ್ನೂ ಮುಗಿದಿಲ್ಲ, ಮುಗಿಯುವವರೆಗೆ ಡೆಬಿಟ್ ನೋಟನ್ನು ಹಿಂದಕ್ಕೆ ಪಡೆಯಬಹುದು ಎಂದು ಲೆಕ್ಕಪತ್ರದವರು ಹೇಳಿದ್ದಾರೆ. ಅದರ ಸಭೆ ಬರುವ ಸೋಮವಾರ. ಸಭೆಗೆ ನನ್ನನ್ನೂ ಕರೆದಿದ್ದಾರೆ, ಆ್ಯಪಿನ ಬಗ್ಗೆ ಮಾತಾಡಲು. ಮೊನ್ನೆ ಫೋನಿನಲ್ಲಿ ಅಪ್ಪ ಪ್ರಬಂಧ ಎಲ್ಲಿಗೆ ಬಂತು ಅಂತ ಕೇಳಲಿಲ್ಲ. “ಆ ಹುಡುಗನ ದುಡ್ಡು ಬಂತೇನವ್ವ?” ಅಂದ. ಇನ್ನೂ ಇಲ್ಲ ಅಂದೆ.